ಮೂವತ್ನಾಲ್ಕರ ಆಮೇಲೆ ಬಂದ ಮೂವತ್ತೊಂದು

ತೊರುನ್ ಊರಿನ ಮೊದಲ ಟ್ರಾಮು ತಿರುವಿನಲ್ಲಿ ಕಿರುಗುಟ್ಟುವ ಹೊತ್ತಿಗೆ ಗ್ರಾಝಿನಾ ಕುಲಿಗ್ ಕೋಟು ಕಳಚಿ ಮೊಳೆಗೆ ಸಿಕ್ಕಿಸಿ ಆಗಿರುತ್ತದೆ. ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ, ಕಾಗದದಲ್ಲಿ ಸುತ್ತಿದ ಬ್ರೆಡ್ಡು, ಅದರ ನಡುವೆ ಬಿಳಿ ಚೀಸು ಮತ್ತು ಮೂಲಂಗಿ. ತಿನ್ನುವುದು ಆಮೇಲೆ. ಮೊದಲು ಕನ್ನಡಕ ಒರೆಸಿಕೊಂಡು, ಕಂಪ್ಯೂಟರಿಗೆ ರಾತ್ರಿ ಬಂದು ಬಿದ್ದ ಪತ್ರಗಳನ್ನು ತೆರೆಯುತ್ತಾರೆ. ಎಲ್ಲರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ನಮ್ಮಪ್ಪನ ಹೆಸರು ಎಲ್ಲಾದರೂ ಇದೆಯಾ?

ನಲವತ್ತು ಚಿಲ್ಲರೆ ವರ್ಷದ ಹಿಂದೆ, ಕಾರ್ಮಿಕರ ಮುಷ್ಕರ ಹತ್ತಿಕ್ಕಲು ಪೋಲೆಂಡಿನಲ್ಲಿ ಸೈನ್ಯ ಬೀದಿಗಿಳಿದಿದ್ದ ಆ ಚಳಿಗಾಲದಿಂದ ಮುಂದೆ, ಕಾರ್ಮಿಕರು ಕದ್ದುಮುಚ್ಚಿ ಅಚ್ಚು ಹಾಕಿದ ಪುಟ್ಟ ಪುಟ್ಟ ಪತ್ರಿಕೆಗಳೆಲ್ಲ ಈಗ ಚಿತ್ರಗಳಾಗಿ ಗ್ರಾಝಿನಾ ಕೆಲಸ ಮಾಡುವ ಈ ಪತ್ರಸಂಗ್ರಹಾಲಯದ ಕಂಪ್ಯೂಟರಿನಲ್ಲಿವೆ. ಹೆಸರು ಹೊಡೆದರೆ ಪುಟ ಬರಬೇಕು. ಆದರೆ ಆಗ ಮಸಿ ಸಿಗುತ್ತಿರಲಿಲ್ಲ. ಬಟ್ಟೆ ಒಗೆಯುವ ಸೋಪಿಗೆ ಕಪ್ಪು ಬಣ್ಣ ಕಲಸಿ ಹೊಡೆದ ಅಕ್ಷರಗಳನ್ನು ಯಂತ್ರ ಅರ್ಧಂಬರ್ಧ ಓದುತ್ತದೆ. ಉಳಿದರ್ಧ ಗ್ರಾಝಿನಾ ಅವರ ಕಣ್ಣಿನ ಪಾಲು. ದಿನಕ್ಕೆ ಇನ್ನೂರು ಪುಟ ದಾಟುವುದುಂಟು. ಸಂಜೆ ಬಸ್ಸಿನ ಬೋರ್ಡು ಮಂಜಾಗಿ ಕಾಣುತ್ತದಂತೆ.

ಉಣ್ಣೆ ಗಿರಣಿಯಲ್ಲಿ ನೂಲು ನೋಡಿಕೊಳ್ಳುತ್ತಿದ್ದವರು ಇವರು. ಗಿರಣಿ ಮುಚ್ಚಿತು, ಗಂಡ ತೀರಿಕೊಂಡರು, ಶಾಲೆಗೆ ಹೋಗುವ ಹೆಣ್ಣುಮಗು ಕೈಯಲ್ಲಿತ್ತು. ಕಾಗದ ಸ್ಕ್ಯಾನ್ ಮಾಡಲು ಆರು ತಿಂಗಳ ಮಟ್ಟಿಗೆಂದು ಇಲ್ಲಿಗೆ ಬಂದವರು ಇಲ್ಲೇ ಉಳಿದರು. ಕೆಲಸ ಇಂದಿಗೂ ಕಾಯಂ ಅಲ್ಲ. ಗೋಡೆಯ ಮೇಲಿನ ಸಿಬ್ಬಂದಿ ಪಟ್ಟಿಯಲ್ಲಿ ಇವರ ಹೆಸರೂ ಇಲ್ಲ.

"ಹರಿದ ನೂಲು ಹುಡುಕೋ ಕೈ ಇದು. ಅಲ್ಲಿ ಗಂಟು ಹಾಕ್ತಿದ್ದೆ, ಇಲ್ಲಿ ಬರೀ ಹುಡುಕ್ತೀನಿ" ಎನ್ನುತ್ತಾರೆ.

ಎಂಟು ಗಂಟೆಗೆಲ್ಲ ಫೋನು ಶುರು. "ಪಾನಿ ಗ್ರಾಝಿನಾ, ಸಿಕ್ತಾ?" ಅಂತ ಅತ್ತಕಡೆಯ ಅಜ್ಜ. ಪಾನಿ ಎಂದರೆ ಅಲ್ಲಿಯವರ ಮಾತಿನಲ್ಲಿ ಅಮ್ಮಾವ್ರು, ಪಾನ್ ಎಂದರೆ ರಾಯರು. "ಪಾನ್, ನೀವು ಫೋನ್ ಇಟ್ರೆ ತಾನೇ ನಾನು ಹುಡುಕೋದು! ನಿನ್ನೆ ನಾಲ್ಕು ಸಲ ಮಾಡಿದ್ರಿ, ಹೆಂಡ್ತಿಗೂ ಇಷ್ಟು ಮಾಡಿರ್ಲಿಕ್ಕಿಲ್ಲ." ಅತ್ತಕಡೆ ಕೆಮ್ಮು ಬೆರೆತ ನಗು.

ಈ ಚೈತ್ರದ ದಿನಗಳಲ್ಲಿ ಇರ್ಮಿನಾ ಎಂಬ ಹೆಂಗಸು ಬಂದು ಎದುರಿಗೆ ಕೂತಾಗ ಮಾತ್ರ ಗ್ರಾಝಿನಾ ಅವರಿಗೆ ನಗು ಬರಲಿಲ್ಲ. ಆಕೆಯ ಅಪ್ಪ ಎದ್ಮುಂದ್ ರೆಗಾ, ಟ್ರಾಮ್ ಓಡಿಸುತ್ತಿದ್ದವರು. ಪೊಲೀಸರಿಗೆ ಗೆಳೆಯರನ್ನು ಹಿಡಿದುಕೊಟ್ಟ ಎಂಬ ಮಾತು ಹೊತ್ತು ನಲವತ್ತು ವರ್ಷ ಬದುಕಿದವರು. ಪ್ರತಿ ಆಗಸ್ಟಿನಲ್ಲಿ ಡಿಪೋದ ಗೇಟಿನ ಮುಂದೆ ಹಳೆಯ ಮುಷ್ಕರದವರು ಸೇರಿ ಹೂವಿಡುತ್ತಾರೆ. ರೆಗಾ ರಸ್ತೆಯಾಚೆಯ ಔಷಧಿ ಅಂಗಡಿಯ ಮರೆಯಲ್ಲಿ ನಿಂತು ನೋಡುತ್ತಾರೆ.

"ಅಪ್ಪಂಗೆ ಎಂಬತ್ತಾಯ್ತು, ಪಾನಿ. ಒಂದೇ ಒಂದು ಸಲ ರಸ್ತೆ ದಾಟ್ಬೇಕು ಅಂತಾರೆ. ಕೊನೇ ಸಲ ಅಂತ ನೋಡಿ. ಇಲ್ಲಾಂದ್ರೆ ಇಲ್ಲ ಅನ್ನಿ, ಇನ್ನು ಬರಲ್ಲ."

ನೋಡಲು ಏನೂ ಇರಲಿಲ್ಲ. ಟ್ರಾಮಿನವರ ಪತ್ರಿಕೆಯ ಹೆಸರು 'ಹಳಿ'. ಅದರಲ್ಲಿ ರೆಗಾ ಹೆಸರು ಎರಡೇ ಕಡೆ ಇದೆ, ಹಲವರು ಹುಡುಕಿ ನೋಡಿದ್ದಾರೆ. ಮೂವತ್ತೊಂದನೆಯ ಸಂಚಿಕೆಯಲ್ಲಿ: "ರೆಗಾ ನಮ್ಮವರು. ಅವರ ಬಗ್ಗೆ ಹಬ್ಬಿರುವ ಮಾತು ಸುಳ್ಳು." ಮೂವತ್ನಾಲ್ಕರಲ್ಲಿ: "ಡಿಪೋದ ರೆಗಾ ಬಗ್ಗೆ ಎಚ್ಚರ. ಮನೆಗೆ ಸೇರಿಸಬೇಡಿ." ಮೊದಲು ನಂಬಿದರು, ಆಮೇಲೆ ನಿಜ ಗೊತ್ತಾಯಿತು ಎಂದೇ ಎಲ್ಲರೂ ಓದಿಕೊಂಡಿದ್ದಾರೆ. ನಂಬಿಸಿ ಕತ್ತು ಕೊಯ್ದವನೆಂದು ರೆಗಾ ಮೇಲಿನ ಸಿಟ್ಟು ಇಮ್ಮಡಿಯಾಗಿದ್ದೂ ಹಾಗೆಯೇ.

ಸುಮ್ಮನೆ ಕಳಿಸಲು ಮನಸ್ಸು ಬರದೆ ಗ್ರಾಝಿನಾ ಅವರು ಎರಡೂ ಸಂಚಿಕೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಲು ಕೂತರು. ಹುಡುಕುವವರಾರೂ ಹಾಗೆ ಓದುವುದಿಲ್ಲ, ಹೆಸರಿರುವ ಸಾಲು ನೋಡಿ ಮುಚ್ಚುತ್ತಾರೆ. ಮೂವತ್ನಾಲ್ಕರ ಕೊನೆಯ ಪುಟದಲ್ಲಿತ್ತು: "ಮೇ ಮೂರರ ಮೆರವಣಿಗೆಗೆ ಎಲ್ಲರೂ ಬನ್ನಿ." ಮೂವತ್ತೊಂದರ ಕೊನೆಯಲ್ಲಿ, ಮಸಿ ಹರಡಿದ ಮೂಲೆಯಲ್ಲಿ: "ಮೇ ಮೂರರಂದು ಪೆಟ್ಟು ತಿಂದವರಿಗೆ ಬ್ಯಾಂಡೇಜು ಬೇಕಾಗಿದೆ."

"ಇನ್ನೊಂದ್ಸಲ ಓದಿದೆ. ಮೆರವಣಿಗೆ ಆಗೋಕ್ ಮುಂಚೆ ಪೆಟ್ಟು ತಿನ್ನೋದು ಹೆಂಗೆ? ಕೈಯಲ್ಲಿದ್ದ ಲೋಟ ಎಲ್ಲಿಟ್ಟೆ ಅನ್ನೋದೂ ಗೊತ್ತಾಗ್ಲಿಲ್ಲ, ಚಹಾ ಎಲ್ಲ ಮಡಿಲಿಗೆ."

ಪತ್ರಿಕೆಯ ಮೇಲೆ ತಾರೀಖಿಲ್ಲ, ಸಂಖ್ಯೆಯಷ್ಟೇ. ಆಗ 'ಹಳಿ' ಅಚ್ಚು ಹಾಕುತ್ತಿದ್ದ ಬ್ರೂನೋ ವೆಲ್ಕ್ ಇನ್ನೂ ಊರಲ್ಲೇ ಇದ್ದಾರೆ. ಅವರನ್ನು ಕರೆಸಿದರು. ಮಾತು ಶುರುವಾದಾಗ ಬ್ರೂನೋಗೆ ನಗೆಯೇ.

"ಅಯ್ಯೋ, ನಂಬರಾ? ಅದು ಪೊಲೀಸರಿಗೆ ನಾವು ಹಾಕ್ತಿದ್ದ ಟೋಪಿ! ಆಗಾಗ ಹಳೇ ನಂಬರೇ ಹಾಕಿಬಿಡ್ತಿದ್ವಿ. ಸಿಕ್ಕಿಬಿದ್ದವನು, 'ಸಾಹೇಬ್ರೇ, ಇದು ಯಾವುದೋ ಹಳೇದು, ಮೆಟ್ಟಿಲ ಮೇಲೆ ಬಿದ್ದಿತ್ತು' ಅನ್ಬೋದಲ್ಲ. ಅಚ್ಚು ಹೊಡೆಯೋ ನಮ್ಮ ನಾಲ್ಕೈದು ಜನಕ್ಕಷ್ಟೇ ಗೊತ್ತಿತ್ತು ಬಿಡಿ."

"ಹಾಗಾದ್ರೆ ಈ ಮೂವತ್ತೊಂದು?" ಎಂದು ಗ್ರಾಝಿನಾ ಪರದೆಯನ್ನು ಅವರತ್ತ ತಿರುಗಿಸಿದರು.

ಬ್ರೂನೋ ಓದಿದರು. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಇದು ನಾನು ಕೊನೇ ಸಲ ಹೊಡೆದಿದ್ದು. ಮೂವತ್ನಾಲ್ಕರ ಆಮೇಲೆ, ಮೆರವಣಿಗೆನೂ ಆದ್ಮೇಲೆ. ಅಂದ್ರೆ 'ಎಚ್ಚರ' ಅಂದಿದ್ದು ಮೊದಲು, 'ಸುಳ್ಳು' ಅಂದಿದ್ದೇ ಕೊನೇ ಮಾತು. ಹಾಳೆ ಒಣಗೋಕ್ ಮುಂಚೆ ಬಾಗಿಲು ಒಡೆದು ಬಂದ್ರು. ಕಟ್ಟುಕಟ್ಟೇ ಹೊತ್ಕೊಂಡು ಹೋದ್ರು, ನನ್ನನ್ನೂ."

"ಓದಿರ್ಲಿಲ್ವಾ, ಪಾನ್ ಬ್ರೂನೋ?"

"ಯಾರು ಓದ್ತಿದ್ರು ಪಾನಿ? ಟೈಪಾಗಿ ಬರ್ತಿತ್ತು, ಹೊಡೀತಿದ್ವಿ. ಬರೆದವರು ಜೈಲಿಂದ ದೇಶ ಬಿಟ್ಟು ಹೋಗಿ ಅಲ್ಲೇ ತೀರ್ಕೊಂಡ್ರು." ಆಮೇಲೆ ತಮ್ಮ ಬಲಗೈಯನ್ನು ತಾವೇ ಬೇರೆ ಯಾರದೋ ಎಂಬಂತೆ ನೋಡುತ್ತ ಹೇಳಿದರು: "ಎದ್ಮುಂದ್ ನನ್ನ ಮದುವೇಲಿ ಸಾಕ್ಷಿಗೆ ನಿಂತಿದ್ದ. ಜೈಲಿಂದ ಬಂದ್ಮೇಲೆ ಅವನು ಕೈ ಚಾಚಿದ್ರೆ ನಾನು ಉಗಿದೆ. ಅವನು ನಮ್ಮವನು ಅಂತ ಇದೇ ಕೈಯಲ್ಲಿ ಅಚ್ಚು ಹೊಡೆದು, ಇದೇ ಬಾಯಲ್ಲಿ ಉಗಿದೆ."

ಆ ಬ್ಯಾಚಿನ ಕೆಲವೇ ಪ್ರತಿಗಳು ಕಣ್ತಪ್ಪಿ ಹೊರಬಿದ್ದಿರಬೇಕು. ಅದರಲ್ಲೊಂದು ಚರ್ಚಿನ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿ ಇಲ್ಲಿಗೆ ಬಂತು. ಅಸಲಿ ಮೂವತ್ತೊಂದು ಇಲ್ಲಿ ಇರಲೇ ಇಲ್ಲ, ಹಾಗಾಗಿ ಇದನ್ನು ಮೂವತ್ತರ ಮುಂದೆ, ಮೂವತ್ತೆರಡರ ಹಿಂದೆ ಅಚ್ಚುಕಟ್ಟಾಗಿ ಜೋಡಿಸಿದವರು ಗ್ರಾಝಿನಾ ಅವರೇ. ಪೊಲೀಸರಿಗೆ ಹಾಕಿದ ಟೋಪಿ ತನ್ನ ತಲೆಗೇ ಬಂತಲ್ಲ ಎಂದು ಅವರು ಇನ್ನೂ ಬೆರಗಿನಲ್ಲೇ ಹೇಳುತ್ತಾರೆ.

ಆ ವಾರವೇ ಮಗಳ ತೋಳು ಹಿಡಿದು ರೆಗಾ ಬಂದರು. ಬ್ರೂನೋ ಗೋಡೆಗಂಟಿ ನಿಂತಿದ್ದರು. ಮುದುಕರು ಅತ್ತ ನೋಡದೆ ಕೂತು, ಪರದೆಗೆ ಮೂಗು ತಗಲುವಷ್ಟು ಬಾಗಿ ಓದಿದರು. ಮತ್ತೆ ಓದಿದರು. ಇರ್ಮಿನಾ ಬಾಯಿಗೆ ಕರ್ಚೀಫು ಒತ್ತಿಕೊಂಡು ನಿಂತಿದ್ದಳು.

"ಬ್ರೂನೋ" ಎಂದರು ರೆಗಾ, ತಿರುಗದೆಯೇ. "ಎಷ್ಟು ಕೆಟ್ಟದಾಗಿ ಹೊಡೆದಿದ್ದೀಯೋ. ನನ್ನ ಹೆಸರೇ ಅರ್ಧ ಅಳಿಸಿಹೋಗಿದೆ."

ಬ್ರೂನೋ ಟೋಪಿ ಕೈಯಲ್ಲಿ ಹಿಡಿದು ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತರು.

ಆಗಸ್ಟಿಗೆ ಇನ್ನೂ ದಿನಗಳಿವೆ. ರಸ್ತೆ ದಾಟಿಸಲು ಬ್ರೂನೋ ಬರುತ್ತಾರಂತೆ. ರೆಗಾ ಮಾತ್ರ ಇನ್ನೂ ಹ್ಞೂಂ ಅಂದಿಲ್ಲ. "ಅಷ್ಟು ವರ್ಷ ಆಚೆ ನಿಂತ ಕಾಲು, ಯೋಚ್ನೆ ಮಾಡ್ಲಿ ಬಿಡಿ" ಅಂದರಂತೆ.

ಗ್ರಾಝಿನಾ ಅವರು ಈಗ ಇನ್ನೂ ಬೇಗ ಬರುತ್ತಾರೆ. 'ಹಳಿ'ಯದು ಮಾತ್ರವಲ್ಲ, ಹೊಲಿಗೆ ಕಾರ್ಖಾನೆಯವರದು, ವಿದ್ಯಾರ್ಥಿಗಳದು, ಎಲ್ಲ ಪತ್ರಿಕೆಗಳನ್ನೂ ಮೊದಲ ಸಂಚಿಕೆಯಿಂದ ಓದಿ ಸಾಲು ಸರಿ ಮಾಡುತ್ತಿದ್ದಾರೆ. ಯಾರೂ ಹೇಳಿದ ಕೆಲಸವಲ್ಲ ಇದು. ಕಣ್ಣು ಇದೊಂದು ಮುಗಿಯುವವರೆಗೆ ಇದ್ದರೆ ಸಾಕು ಎಂಬುದಷ್ಟೇ ಅವರ ಆಸೆ. ಫೋನು ಬಂದರೆ ಮೊದಲಿನಂತೆ ಥಟ್ಟನೆ "ಇದೆ", "ಇಲ್ಲ" ಎನ್ನುವುದಿಲ್ಲ.

ನಾನು ಹೊರಡುವ ಮುನ್ನ ಗ್ರಾಝಿನಾ ಅವರು 'ರೆಗಾ' ಎಂದು ಹೊಡೆದು ತೋರಿಸಿದರು. ಮೂವತ್ನಾಲ್ಕು ಬಂತು. ಅದರ ಕೆಳಗೆ, ಕೊನೆಯಲ್ಲಿ, ಮೂವತ್ತೊಂದು.

"ನಾನೇನೂ ಮಾಡ್ಲಿಲ್ಲ. ಒಂದು ಹಾಳೆ ಎತ್ತಿ ಸ್ವಲ್ಪ ಆಚೆಗೆ ಇಟ್ಟೆ, ಅಷ್ಟೆ" ಎಂದು ಗ್ರಾಝಿನಾ ಆರಿದ ಚಹಾದತ್ತ ಕೈ ಚಾಚಿ, ಮುಟ್ಟದೆ ಹಿಂತೆಗೆದುಕೊಳ್ಳುತ್ತಾರೆ. "ಅಷ್ಟು ಜಾಗದಲ್ಲೇ ಒಬ್ಬರ ಆಯುಸ್ಸು ಸಿಕ್ಕಿಹಾಕ್ಕೊಂಡಿತ್ತು ನೋಡಿ."