ಗೀರಕ್ಕನ ಸಾವಿರ ಗಂಟೆ

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ಮೂಲೆಯಲ್ಲಿರುವ ಉಪ್ಪುಮಂಜಿನ ಪೆಟ್ಟಿಗೆಯ ಮುಚ್ಚಳ ಎತ್ತುತ್ತಲೇ ಬಿಸಿ ಹಬೆ ಮುಖಕ್ಕೆ ರಾಚುತ್ತದೆ. ಆಕೆ ಕನ್ನಡಕ ಒರೆಸಿಕೊಂಡು, ಬಣ್ಣ ಬಳಿದ ಆರು ಉಕ್ಕಿನ ತಗಡುಗಳನ್ನು ಅಂಚು ಹಿಡಿದು ಹೊರತೆಗೆಯುತ್ತಾರೆ. ಇವತ್ತು ಅವರ ಕೈಯ ಪರೀಕ್ಷೆ.

ಇಲ್ಲಿ ಎಲ್ಲರಿಗೂ ಇವರು ಗೀರಕ್ಕ. ಹೊಸ ಬಣ್ಣವನ್ನು ಲೋಹ ಕಾಣುವವರೆಗೆ ಬ್ಲೇಡಿನಿಂದ ಗೀರುವುದೇ ಇವರ ಕೆಲಸ. ಗೀರಿದ ತಗಡು ಪೆಟ್ಟಿಗೆಯೊಳಗೆ ಚಿಮ್ಮುವ ಉಪ್ಪುನೀರಿನ ಮಂಜಿನಲ್ಲಿ ಸಾವಿರ ಗಂಟೆ ನೆನೆಯುತ್ತದೆ. ಆಮೇಲೆ ಬಣ್ಣದಡಿ ತುಕ್ಕು ಎಷ್ಟು ಹಬ್ಬಿತೆಂದು ಅಳೆಯುತ್ತಾರೆ. ದಿನಕ್ಕೆ ನಲವತ್ತು ತಗಡು, ಒಂದೊಂದಕ್ಕೂ ಹತ್ತು ಅಳತೆ. ತನ್ನ ಲೆಕ್ಕವನ್ನು ಆ ಅಂಕಿಗಳ ಒರೆಗೆ ಹಚ್ಚಿಯೇ ಕಂಪ್ಯೂಟರು ಸೇತುವೆಯೊಂದರ ಮೂವತ್ತು ವರ್ಷದ ಭವಿಷ್ಯ ಹೇಳುತ್ತದೆ.

ಇಪ್ಪತ್ತೆರಡು ವರ್ಷದ ಹಿಂದೆ ನೆಲ ಒರೆಸಲು ಬಂದವರು. ಮಿಲಿಮೀಟರು ಕಲಿತದ್ದು ಇಲ್ಲೇ. ಉಪ್ಪಿಗೆ ಬೆರಳ ತುದಿಗಳು ಒಡೆದಿವೆ.

ಕಳೆದ ಸಲ, ಒಂದು ಕಾಲುಸೇತುವೆಗೆಂದು ಬಂದ ಬಣ್ಣಕ್ಕೆ ಕಂಪ್ಯೂಟರು ಮೂರು ಮಿಲಿಮೀಟರು ತುಕ್ಕು ಎಂದಿತ್ತು. ಗೀರಕ್ಕನ ತಗಡಿನಲ್ಲಿ ಒಂದು ಮಿಲಿಮೀಟರೂ ಇರಲಿಲ್ಲ. "ಅಕ್ಕನ ಕೈ ತಪ್ಪಲ್ಲ, ನನ್ನ ಲೆಕ್ಕವೇ ತಪ್ಪು," ಎಂದು ಕಂಪ್ಯೂಟರಿಗೆ ಆ ಲೆಕ್ಕ ಕಲಿಸಿದ ಎಂಜಿನಿಯರ್ ಹುಡುಗಿ ತನ್ನ ನಾಲ್ಕು ವರ್ಷದ ಲೆಕ್ಕವನ್ನೇ ತಿದ್ದಲು ಕುಳಿತಳು.

ಗೀರಕ್ಕನಿಗೆ ಅನ್ನ ಸೇರಲಿಲ್ಲ. ಮರುದಿನ ಭೂತಗನ್ನಡಿ ಹಿಡಿದು ಗೀರಿನ ತಳ ನೋಡಿದರು. ತುಕ್ಕೆಂದುಕೊಂಡಿದ್ದ ಕೆಂಪು, ಒಳಪದರದ ಪ್ರೈಮರಿನದು! ಬ್ಲೇಡು ಮೊಂಡಾಗಿ, ಗೀರು ಲೋಹವನ್ನೇ ಮುಟ್ಟಿರಲಿಲ್ಲ.

"ಬಿಡು ತಾಯಿ, ನಿನ್ನ ಲೆಕ್ಕ ಮುಟ್ಟಬೇಡ. ತಪ್ಪಿದ್ದು ನನ್ನ ಕೈ."

"ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ವಲ್ಲ ಅಕ್ಕ!"

"ಸೇತುವೆಗೆ ಗೊತ್ತಾಗ್ತಿತ್ತು."

ಉಪ್ಪು ತಿಂದವರು ನೀರು ಕುಡಿಯಲೇಬೇಕು. ಮ್ಯಾನೇಜರು ಕೆಂಡವಾದರು: "ಇನ್ನೊಂದ್ಸಲ ಹೀಗಾದ್ರೆ ಗೀರೋಕೆ ಮೆಷಿನ್ ತರಿಸ್ತೀನಿ, ನೀವು ಮನೇಲಿರಿ."

ಹೊಸ ಬ್ಲೇಡು, ಹೊಸ ತಗಡು, ಮತ್ತೆ ಸಾವಿರ ಗಂಟೆ. ನಲವತ್ತೆರಡು ದಿನವೂ ಕ್ಯಾಲೆಂಡರಿಗೆ ಗೀಟು. ಬಸ್ಸು ಓಡಿಸಿ ನಿವೃತ್ತರಾದ ಗಂಡ ನಗುತ್ತಾರೆ: "ಮೂರು ಹೆತ್ತೆ, ಒಂದಕ್ಕೂ ಹೀಗೆ ದಿನ ಎಣಿಸ್ಲಿಲ್ವಲ್ಲೇ!"

ಈಗ, ಬೆಳಿಗ್ಗೆ ಹೊರತೆಗೆದ ಆ ಆರು ತಗಡುಗಳ ಸಡಿಲವಾದ ಬಣ್ಣ ಕೆರೆದು, ಸ್ಕೇಲು ಇಟ್ಟು, ಗಟ್ಟಿಯಾಗಿ ಓದುತ್ತಾರೆ: "ಮೂರು. ಎರಡೂಮುಕ್ಕಾಲು. ಮೂರು. ಮೂರೂಕಾಲು..." ಆರನೆಯ ತಗಡು ಮುಗಿಯುವಷ್ಟರಲ್ಲಿ ಎಂಜಿನಿಯರ್ ಹುಡುಗಿ ಅವರ ಒದ್ದೆ ಕೈಯನ್ನೇ ಹಿಡಿದುಕೊಂಡಿದ್ದಾಳೆ. ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರು, "ಸರಿ, ಮೆಷಿನ್ ಬೇಡ," ಎಂದಷ್ಟೇ ಹೇಳಿ ಹೋಗುತ್ತಾರೆ.

ಲೆಕ್ಕ ಉಳಿಯಿತು, ಕೈಯೂ ಉಳಿಯಿತು, ಸೋತದ್ದು ಬಣ್ಣ: ಮೂರು ಮಿಲಿಮೀಟರು ತುಕ್ಕನ್ನು ಸೇತುವೆ ತಾಳದು. ಸೇತುವೆಗೆ ಬೇರೆ ಬಣ್ಣ ಬರಬೇಕು, ಅಂದರೆ ಇನ್ನೂ ಸಾವಿರ ಗಂಟೆ. ಕಾದು ಕಾದು ಬೇಸರವಾಗುವುದಿಲ್ಲವೇ ಎಂದರೆ ಗೀರಕ್ಕ ಸೆರಗಿಗೆ ಕೈ ಒರೆಸುತ್ತಾರೆ.

"ತುಕ್ಕಿಗೇ ಆತುರ ಇಲ್ಲ. ನನಗ್ಯಾಕೆ?"