ಮಸ್ಕತ್ತಿನಿಂದ ಸಿಂಗಪುರಕ್ಕೆ ಎಷ್ಟು ಹರದಾರಿ

ನನ್ನ ಇಬ್ಬರು ಅಕ್ಕಂದಿರೂ ನರ್ಸುಗಳು. ದೊಡ್ಡಕ್ಕ ಮಸ್ಕತ್ತಿನಲ್ಲಿ, ಸಣ್ಣಕ್ಕ ಸಿಂಗಪುರದಲ್ಲಿ. ಮೂರು ವರ್ಷ ಇಬ್ಬರ ನಡುವೆ ಮಾತಿರಲಿಲ್ಲ. ಅವ್ವನನ್ನು ಹುಬ್ಬಳ್ಳಿಯಲ್ಲಿ ಆಸ್ಪತ್ರೆಗೆ ಸೇರಿಸಿದಾಗ ಸಣ್ಣಕ್ಕನಿಗೆ ರಜೆ ಸಿಗಲಿಲ್ಲ. ‘ನಿನಗ ಅವ್ವ ಬ್ಯಾಡಾಗ್ಯಾಳ’ ಎಂದು ದೊಡ್ಡಕ್ಕ ಫೋನಿನಲ್ಲಿ ಅಂದುಬಿಟ್ಟಳು. ಅವ್ವ ಹುಷಾರಾಗಿ ಊರಿಗೆ ಬಂದು ಶೇಂಗಾ ಬಿತ್ತಿದಳು. ಆ ಮಾತು ಮಾತ್ರ ಹಾಗೇ ಉಳಿಯಿತು.

ಅಂದಿನಿಂದ ಇಬ್ಬರಿಗೂ ನಾನೇ ಗತಿ. ಭಾನುವಾರ ಒಬ್ಬಳಾದ ಮೇಲೆ ಒಬ್ಬಳು ಫೋನ್ ಮಾಡಿ, ಊರ ಸುದ್ದಿಯೆಲ್ಲ ಮುಗಿಸಿ, ಕೊನೆಗೆ ‘ಅಕಿ ಹ್ಯಾಂಗದಾಳ?’ ಎಂದು ಕೇಳುವರು. ಇವಳದನ್ನು ಅವಳಿಗೆ, ಅವಳದನ್ನು ಇವಳಿಗೆ ದಾಟಿಸುತ್ತಿದ್ದೆ. ಬೇಸರ ಬಂದ ದಿನ ಅರ್ಧ ನುಂಗಿಬಿಡುತ್ತಿದ್ದೆ.

ಹೋದ ವರ್ಷ ದೊಡ್ಡಕ್ಕ ರಜೆಗೆಂದು ಹತ್ತಿಮತ್ತೂರಿಗೆ ಬಂದಳು. ತಿರುಗಿ ಹೊರಡುವ ದಿನ ಅವ್ವ ಅವಳ ಚೀಲದಲ್ಲಿ ಗುರೆಳ್ಳು ಚಟ್ನಿಯ ಎರಡು ಪೊಟ್ಟಣ ಇಟ್ಟಳು.

‘ಒಂದು ನಿನಗ, ಒಂದು ತಂಗಿಗೆ.’

‘ಯವ್ವಾ, ಅಕಿ ಇರೂದು ಸಿಂಗಪುರದಾಗ.’

‘ಎರಡೂ ಫಾರಿನ್ ಅಲ್ಲೇನು?’

ನಾನಿರುವ ಶಿಗ್ಗಾಂವಿಗೆ ಏನಾದರೂ ಕಳಿಸಬೇಕಾದರೆ ಅವ್ವ ಬಸ್ಸಿನ ಕಂಡಕ್ಟರನ ಕೈಗೆ ಗಂಟು ಕೊಟ್ಟು ನಿಶ್ಚಿಂತೆಯಾಗುವವಳು. ಫಾರಿನ್ನಿಗೂ ಅದೇ ಲೆಕ್ಕ ಹಾಕಿದ್ದಾಳೆ ಅಂದುಕೊಂಡೆ. ಶಾಲೆಯಲ್ಲಿ ಭೂಗೋಳ ಕಲಿಸುವವಳು ನಾನು, ಸುಮ್ಮನಿರಲಾಗಲಿಲ್ಲ. ಮೊಬೈಲಿನಲ್ಲಿ ಎರಡೂ ವಿಮಾನ ನಿಲ್ದಾಣಗಳ ಹೆಸರು ಹಾಕಿದೆ. ಅರಬ್ಬಿ ಸಮುದ್ರ ದಾಟಿದ ಗೆರೆ ವಿಜಯಪುರದ ಮಗ್ಗುಲಲ್ಲೇ ಹಾಯ್ದು ಬಂಗಾಳ ಕೊಲ್ಲಿಗೆ ಇಳಿದಿತ್ತು. ಸುಮಾರು ಐದೂವರೆ ಸಾವಿರ ಕಿಲೋಮೀಟರ್.

‘ಹಂಗಂದ್ರ ಎಷ್ಟು ಹರದಾರಿ?’ ಎಂದಳು ಅವ್ವ.

ಹರದಾರಿಗೆ ಐದು ಕಿಲೋಮೀಟರ್ ಹಿಡಿದು ‘ಸಾವಿರದ ನೂರು’ ಅಂದೆ. ಅವ್ವ ದೊಡ್ಡಕ್ಕನ ಕಡೆ ತಿರುಗಿದಳು.

‘ನಿನ್ನ ಸಿಟ್ಟು ಅಷ್ಟು ದೂರ ಹೋಗಿ ಮುಟ್ಟೇತಿ. ಚಟ್ನಿ ಮುಟ್ಟಾಂಗಿಲ್ಲೇನು?’

ಅವ್ವನಿಗೆ ತಿಳಿಯದು ಅಂದುಕೊಂಡದ್ದು ನನ್ನ ದಡ್ಡತನ. ದೊಡ್ಡಕ್ಕ ಚೀಲದ ಜಿಪ್ ಎಳೆದಳು.

ಎಂಟು ದಿನದ ಮೇಲೆ ಅವಳಿಂದ ಮೆಸೇಜು ಬಂತು: ‘ಅಕಿ ಅಡ್ರೆಸ್ ಕಳಸು. ಕೊರಿಯರ್ ಮಾಡ್ತೇನಿ.’ ವಿಳಾಸ ನನ್ನ ಫೋನಿನಲ್ಲೇ ಇತ್ತು. ಟೈಪು ಮಾಡಿದೆ ಕೂಡ. ಆಮೇಲೆ ಅಳಿಸಿ ‘ಅಕಿನ್ನ ಕೇಳು’ ಎಂದು ಬರೆದೆ. ಉತ್ತರ ಬರಲಿಲ್ಲ. ಅತಿಯಾಯಿತೇನೋ ಎಂದು ಹೆದರಿಕೆಯಾಯಿತು.

ಆ ಭಾನುವಾರ ಇಬ್ಬರದೂ ಫೋನಿಲ್ಲ. ಸಂಜೆ ನಾನೇ ದೊಡ್ಡಕ್ಕನಿಗೆ ಮಾಡಿದೆ: ಎಂಗೇಜ್. ಸಣ್ಣಕ್ಕನಿಗೆ ಮಾಡಿದೆ: ಎಂಗೇಜ್. ಅರ್ಧ ಗಂಟೆ ಬಿಟ್ಟು ಮಾಡಿದರೂ ಎರಡೂ ಹಾಗೇ.

ನನಗೆ ಸಮಾಧಾನವಾಯಿತು, ಹಿಂದೆಯೇ ಹೊಟ್ಟೆಕಿಚ್ಚೂ ಆಯಿತು. ಮೂರು ವರ್ಷ ಇಬ್ಬರಿಗೂ ನಾನೊಬ್ಬಳೇ ಬೇಕಾಗಿದ್ದೆ.