ಹಂಡೆ ಒಲೆಯ ಬೆಂಕಿ

ಕಮ್ಮರಡಿಯ ಅಡುಗೆ ಪುರುಷೋತ್ತಮ ಭಟ್ಟರು ನಾಲ್ಕು ವರ್ಷ ಜರ್ಮನಿಯಲ್ಲಿದ್ದು ಬಂದರು. ಅಲ್ಲಿ ನಮ್ಮ ಕಡೆಯವರ ಹೋಟೆಲೊಂದರಲ್ಲಿ ದೋಸೆ ಹೊಯ್ಯುವ ಕೆಲಸ. ಏನೇನು ನೋಡಿದಿರಿ ಎಂದು ಯಾರಾದರೂ ಕೇಳಿದರೆ ಭಟ್ಟರು ನೇರ ಬಚ್ಚಲಿನ ವಿಷಯಕ್ಕೇ ಬರುತ್ತಾರೆ. ಆರು ಜನ ಅಡುಗೆಯವರಿಗೆ ಒಂದೇ ಬಚ್ಚಲು; ಇವರ ಸರದಿ ಬರುವಷ್ಟರಲ್ಲಿ ಬಿಸಿನೀರು ಮುಗಿದಿರುತ್ತಿತ್ತಂತೆ. ಹೊರಗೆ ಹಿಮ, ಒಳಗೆ ನೆತ್ತಿಯ ಮೇಲೆ ನೂಲಿನಷ್ಟು ತಣ್ಣೀರು. "ಅದು ಸ್ನಾನ ಅಲ್ಲ ಮಾರಾಯ, ಶಿಕ್ಷೆ."

ಮನುಷ್ಯ ದೂರ ಹೋದಾಗ ಹೆಂಡತಿ ನೆನಪಾಗಬೇಕು. ಭಟ್ಟರಿಗೆ ನೆನಪಾಗುತ್ತಿದ್ದದ್ದು ಮನೆಯ ತಾಮ್ರದ ಹಂಡೆ! ಭಾನುವಾರ ವಿಡಿಯೋ ಕಾಲ್ ಮಾಡಿ, ಹೆಂಡತಿ ಅಂಬುಜಾಕ್ಷಿಯ ಹತ್ತಿರ ಎರಡು ಮಾತಾಡಿ, "ಸರಿ, ಒಲೆ ತೋರ್ಸು ಮಾರಾಯ್ತಿ" ಎನ್ನುವರು. ಆಕೆ ಬಚ್ಚಲ ಗೋಡೆಯ ಹಿಂದಿನ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಫೋನನ್ನು ಬೆಂಕಿಯತ್ತ ಹಿಡಿಯುವಳು. ಇವರು ಅಲ್ಲಿ ಕಂಬಳಿ ಹೊದ್ದು ಅದನ್ನೇ ನೋಡುವರು. ಆಗಾಗ ಚಿತ್ರ ಅಲುಗಾಡುತ್ತಿತ್ತು.

"ಗಟ್ಟಿ ಹಿಡ್ಕೊ, ಎಂತದೂ ಕಾಣ್ತಿಲ್ಲ" ಎಂದು ರೇಗುವರು.

ಊರಿಗೆ ಬಂದ ದಿನ ಊಟಕ್ಕೂ ಕೂರದೆ ಬಚ್ಚಲಿಗೆ ನುಗ್ಗಿದರು. ಗೋಡೆಯಲ್ಲಿ ಗೀಸರ್ ನೇತಾಡುತ್ತಿತ್ತು.

"ಇದ್ಯಾರು ಹಾಕ್ಸಿದ್ದು?"

"ಭಾರ್ಗವಿ. ನಿಮ್ಗೆ ಹಂಡೆ ನೀರೇ ಕಾಯ್ಸಿದೀನಿ" ಎಂದು ಗೋಡೆಯಾಚೆಯಿಂದ ಅಂಬುಜಾಕ್ಷಿ ಕೂಗಿದಳು.

ಭಾರ್ಗವಿ ಮಗಳು, ಮದುವೆಯಾಗಿ ನರಸಿಂಹರಾಜಪುರದಲ್ಲಿದ್ದಾಳೆ. ಈಗಿನವರ ಷೋಕಿ ಎಂದುಕೊಂಡು ಭಟ್ಟರು ಚೊಂಬು ಎತ್ತಿದರು. ಸೌದೆಯ ವಾಸನೆಯ ಸುಡುನೀರು ಬೆನ್ನಿಗೆ ಬಿದ್ದಾಗ ನಾಲ್ಕು ವರ್ಷದ ಚಳಿ ಇಳಿದು ಹೋಯಿತು. ಗೋಡೆಯಾಚೆ ಕೆಮ್ಮು ಕೇಳಿತು. ನಿಲ್ಲದ ಕೆಮ್ಮು.

"ಎಂತ ಅದು?"

"ಹೊಗೆ, ಅಷ್ಟೆ. ಇನ್ನೊಂದು ಕೊಳ್ಳಿ ಹಾಕ್ಲಾ?"

"ಹಾಕು" ಎಂದರು ಭಟ್ಟರು.

ಮರುದಿನ ಅಪ್ಪನನ್ನು ನೋಡಲು ಬಂದ ಭಾರ್ಗವಿ, ಹಿತ್ತಿಲಲ್ಲಿ ಹೊಗೆ ಕಂಡವಳೇ ಚೀಲವನ್ನು ಜಗಲಿಗೆ ಎಸೆದಳು.

"ಮತ್ತೆ ಒಲೆ ಹಾಕಿದ್ಯಾ ಅಮ್ಮ? ಅಪ್ಪಯ್ಯ, ಅಮ್ಮನ ಎದೆಗೆ ಹೊಗೆ ಆಗೋದೇ ಇಲ್ಲ ಅಂತ ಡಾಕ್ಟ್ರು ಎರಡು ವರ್ಷದ ಹಿಂದೇ ಹೇಳಿದಾರೆ. ಅದ್ಕೇ ಗೀಸರ್ ಹಾಕ್ಸಿದ್ದು. ವಾರ ಇಡೀ ಅದ್ರದ್ದೇ ನೀರು. ಭಾನುವಾರ ಮಾತ್ರ ಒಲೆ ಹಾಕ್ತಿದ್ಲು, ನಿಮ್ಗೆ ಫೋನಲ್ಲಿ ತೋರ್ಸೋಕೆ!"

"ಸುಮ್ನಿರೇ ಕೂಸೇ" ಎಂದಳು ಅಂಬುಜಾಕ್ಷಿ. "ಅವ್ರು ಅಲ್ಲಿ ಚಳಿಲಿ ಇದ್ರು. ಬೆಂಕಿ ನೋಡಿದ್ರೆ ಒಂದು ಸಮಾಧಾನ."

ಭಟ್ಟರಿಗೆ ಅವತ್ತು ಊಟ ಸೇರಲಿಲ್ಲ. ಕೆಮ್ಮು ಕಿವಿಗೆ ಬಿದ್ದಿತ್ತು, ಕೇಳಿಯೂ ಹಾಕು ಎಂದಿದ್ದರು. ಯಾರ ಮೇಲೆ ಹೊರಿಸಲೂ ಬಾರದ ತಪ್ಪು. ರಾತ್ರಿಯಿಡೀ ಹೊರಳಾಡಿದರು.

ಬೆಳಿಗ್ಗೆ ನೋಡಿದರೆ ಅಂಬುಜಾಕ್ಷಿ ಮತ್ತೆ ಸೌದೆ ಹಿಡಿದು ಹಿತ್ತಿಲಿಗೆ ಹೊರಟಿದ್ದಳು. ಭಟ್ಟರು ಓಡಿಹೋಗಿ ಅದನ್ನು ಕಸಿದುಕೊಂಡರು.

"ಫೋನ್ ಗಟ್ಟಿ ಹಿಡ್ಕೊ ಅಂತ ಬೈತಿದ್ನಲ್ಲೇ ನಿನ್ನ..." ಎಂದರು.

"ಹಿಡ್ಕೊಳ್ಳೋಕೆ ನೋಡ್ತಿದ್ದೆ" ಎಂದಳು ಅಂಬುಜಾಕ್ಷಿ, ತನ್ನದೇ ತಪ್ಪೆಂಬಂತೆ. "ಒಂದು ಕೈಲಿ ಸೆರಗು ಬಾಯಿಗೆ ಒತ್ಕೊಳ್ಬೇಕಿತ್ತಲ್ಲ. ಕೆಮ್ಮು ಬಂದ್ರೆ ಇನ್ನೊಂದು ಕೈ ನಿಲ್ತಿರಲಿಲ್ಲ."